ಅತ್ತೆಯನ್ನು ಬೇವೂರಿಗೆ ಒಯ್ಯಬೇಕಿದ್ದ ಕಾರು

ಈಗಿನ ಕಾರುಗಳು ಸದ್ದಿಲ್ಲದೆ ನಿಲ್ಲುತ್ತವೆ. ನಮ್ಮ ಅಂಗಳದ ಕಾರು ಕಿರ್ರೆಂದು ಇಡೀ ಕುಷ್ಟಗಿಗೆ ಸಾರಿ ನಿಲ್ಲುತ್ತಿತ್ತು. ಆ ಸದ್ದೇ ನಮ್ಮ ಮನೆ ಕೆಡಿಸಿತು ಎಂದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ನಗಲಿ, ಅವರಿಗೇನು ಗೊತ್ತು.

ಕಾರು ನಮ್ಮದಲ್ಲ. ನಮ್ಮ ಮನೆಯವರು ಊರಿನ ಜಮೀನ್ದಾರರೊಬ್ಬರಲ್ಲಿ ಡ್ರೈವರು. ಯುದ್ಧದ ಕಾಲ, ಪೆಟ್ರೋಲಿಗೆ ತತ್ವಾರ. ಆ ಧಣಿಗಳಿಗೆ ಹೊಸ ಕಾರು ಬಂದಿದ್ದರಿಂದ ಹಳೆಯದನ್ನು ನಮ್ಮ ಅಂಗಳಕ್ಕೆ ನೂಕಿಸಿ, ರಿಪೇರಿ ಮಾಡಿಕೊಂಡರೆ ನಿನ್ನ ಮನೆ ಕೆಲಸಕ್ಕೂ ಓಡಿಸಿಕೋ ಎಂದಿದ್ದರು. ಬಹಳ ದಿನ ಅದರ ಸೀಟಿನ ಮೇಲೆ ನಮ್ಮ ಕೋಳಿಗಳೇ ಸವಾರಿ ಮಾಡಿದವು.

ಅದನ್ನು ಓಡಿಸುವ ಹಟ ನಮ್ಮ ಮನೆಯವರಿಗೆ ಹುಟ್ಟಿದ್ದು ಅತ್ತೆಯ ಸಲುವಾಗಿ. ಅತ್ತೆ ಕಣದಲ್ಲಿ ಬಣವೆಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಚಕ್ಕಡಿಯಲ್ಲಿ ಕೂರಿಸಿದರೆ ಊರಿನ ಅಗಸಿ ಬಾಗಿಲು ದಾಟುವುದರೊಳಗೆ ಚೀರುತ್ತಿದ್ದಳು. ಆಕೆಗೆ ಒಬ್ಬಳೇ ತಂಗಿ, ಬೇವೂರಿಗೆ ಕೊಟ್ಟಿದ್ದರು. ಆ ತಂಗಿ ಹಾಸಿಗೆ ಹಿಡಿದಿದ್ದಾಳೆ, ಅಕ್ಕನನ್ನು ಒಮ್ಮೆ ನೋಡಬೇಕು ಅನ್ನುತ್ತಾಳೆ ಎಂದು ಸಂತೆಗೆ ಬಂದವರು ಹೇಳಿ ಹೋದರು. ಅವತ್ತಿನಿಂದ ಅತ್ತೆ ರೊಟ್ಟಿ ಮುರಿದು ತಾಟಿನಲ್ಲೇ ಬಿಡತೊಡಗಿದಳು. ನಮ್ಮ ಮನೆಯವರು ಕೋಳಿಗಳನ್ನು ಓಡಿಸಿ ಕಾರನ್ನು ಕಲ್ಲುಗಳ ಮೇಲೆ ಎತ್ತಿ ನಿಲ್ಲಿಸಿದರು.

ಇಂಜಿನ್ನು ಗಟ್ಟಿಯಿತ್ತು. ಸವೆದದ್ದು ಎರಡು: ಬ್ರೇಕು, ಮತ್ತೆ ಗಾಲಿಯ ಕುಲುಕನ್ನು ತಡೆಯುವ ಶಾಕು. ಆ ಕಾರಿಗೆ ಹಿಂದಿನ ಎರಡು ಗಾಲಿಗಷ್ಟೇ ಬ್ರೇಕು. ಗಾಲಿಯನ್ನು ಉಜ್ಜಿ ಹಿಡಿಯುವ ಅದರ ಪಟ್ಟಿಯನ್ನು ಹುಬ್ಬಳ್ಳಿಯಿಂದ ತರಿಸಿ, ಕೊಪ್ಪಳದ ಸ್ಟೇಷನ್ನಿಗೆ ತಾವೇ ಹೋಗಿ ತಂದು, ಪಡಸಾಲೆಯಲ್ಲಿ ಕೂತು ತಾಮ್ರದ ಮೊಳೆ ಬಡಿದು ಕೂರಿಸಿದರು. ಶಾಕಿನ ಬಿಲ್ಲೆಗಳು ಎಲ್ಲಿಯೂ ಸಿಗಲಿಲ್ಲ. ಬಾವಿಯಿಂದ ನೀರೆತ್ತುವ ಹಳೆಯ ತೊಗಲಿನ ಬಾನಿಯೊಂದು ಅಟ್ಟದ ಮೇಲಿತ್ತು. ಅದನ್ನೇ ದುಂಡಗೆ ಕತ್ತರಿಸಿ, ಹರಳೆಣ್ಣೆಯಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಶಾಕಿಗೆ ಬಿಗಿದರು. ಅತ್ತೆ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡಿದಳು. ತನ್ನ ಬಟ್ಟಲಿನಿಂದ ಎಣ್ಣೆ ಕೊಟ್ಟವಳೂ ಅವಳೇ.

ಹೊಸ ಬ್ರೇಕನ್ನು ಹಾಕಿದ ಕೂಡಲೇ ನಂಬಬಾರದಂತೆ. ಹೋರಿಗೆ ನೊಗ ರೂಢಿ ಮಾಡಿಸಿದ ಹಾಗೆ ಪಟ್ಟಿಗೂ ಗಾಲಿ ರೂಢಿಯಾಗಬೇಕಂತೆ. ಅತ್ತೆ ಕೂರುವ ಜಾಗದಲ್ಲಿ ಜೋಳದ ಚೀಲ ಹೇರಿಕೊಂಡು ಅವರು ಊರ ಹೊರಗಿನ ನೇರ ದಾರಿಯಲ್ಲಿ ಹೋಗುವುದು, ಮೆಲ್ಲಗೆ ತುಳಿಯುವುದು, ಬಿಡುವುದು, ಇಳಿದು ಗಾಲಿ ಮುಟ್ಟಿ ಕಾವು ನೋಡುವುದು, ಆರಿದ ಮೇಲೆ ಮತ್ತೆ ತುಳಿಯುವುದು. ದಿನವೆಲ್ಲ ಇದೇ ಧ್ಯಾನ. ಜೋಳದ ಚೀಲವನ್ನು ಮೆರವಣಿಗೆ ಮಾಡಿಸುತ್ತಿದ್ದಾರೆ ಎಂದು ನಾನೂ ಅವರನ್ನು ಕಾಡಿಸಿದೆ. ಬ್ರೇಕು ಚೆನ್ನಾಗಿ ಹಿಡಿಯತೊಡಗಿತು. ಆದರೆ ಹಿಡಿದಾಗಲೆಲ್ಲ ಕಿರ್ರೆನ್ನುತ್ತಿತ್ತು. ಇನ್ನೂ ಎಳೆಯದು, ತಾನೇ ನಿಲ್ಲುತ್ತದೆ ಎಂದರು.

ಅತ್ತೆಗೆ ಆ ಸದ್ದು ಸೇರಲಿಲ್ಲ. ನಮ್ಮ ಕಡೆ ಗಾಲಿ ಕಿರುಗುಟ್ಟಿತು ಎಂದರೆ ಆ ಮನೆಯವರು ಮೈಗಳ್ಳರು ಎಂದೇ ಲೆಕ್ಕ. ಹೊಸ ಗಾಲಿ ಊರು ಬಿಡುವ ಮೊದಲು ಮನೆಯ ಹಿರಿಯ ಹೆಂಗಸು ಅದರ ಅಚ್ಚಿಗೆ ಎಣ್ಣೆ ಬಿಡಬೇಕು, ಅದೂ ಮಾತಾಡದೆ. ನಮ್ಮ ಮನೆಯ ಪದ್ಧತಿ ಅದು. ಹೊರಡುವ ದಿನ ಬೆಳಿಗ್ಗೆ ನಮ್ಮ ಮನೆಯವರು ಹಿಂದಿನ ಗಾಲಿಗಳನ್ನು ಕಲ್ಲಿನ ಮೇಲೆತ್ತಿ, ಬ್ರೇಕಿನ ಸರಳು ಬಿಗಿದು, ಸ್ನಾನಕ್ಕೆ ಹೋದರು. ನಾನು ಒಲೆಯ ಮುಂದೆ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದೆ. ಕೂತಲ್ಲಿಂದ ಏಳಲಾರದ ಆ ಮುದುಕಿ ಎಣ್ಣೆಬಟ್ಟಲು ಹಿಡಿದುಕೊಂಡು, ನೆಲದ ಮೇಲೆ ಸರಿದುಕೊಂಡೇ ಗಾಲಿಗಳ ಹತ್ತಿರ ಹೋಗಿದ್ದು ನಮಗಾರಿಗೂ ಗೊತ್ತಾಗಲಿಲ್ಲ.

ಅತ್ತೆಯನ್ನು ಎತ್ತಿ ಕೂರಿಸಿದೆವು. ಕಾರು ಹೊರಟಿತು. ಕಲ್ಲು ಬಂದರೂ ತಗ್ಗು ಬಂದರೂ ಆಕೆಗೆ ಕುಲುಕು ತಟ್ಟಲಿಲ್ಲ. "ತೊಟ್ಟಿಲದಾಗ ಕುಂತಂಗ ಐತಲ್ಲೋ" ಎಂದು ಮಗನ ಹೆಗಲು ತಟ್ಟಿದಳು. ತಂಗಿಗೆ ಏನೇನು ಹೇಳಬೇಕು ಎಂದು ನನ್ನ ಹತ್ತಿರ ಮಾತಿಗೆ ಶುರು ಮಾಡಿದಳು. ಅಷ್ಟು ನಗುಮುಖ ನಾನು ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ.

ಮೊದಲನೆಯ ಹಳ್ಳದ ಇಳುಕಲಿನಲ್ಲಿ ಕುರಿಹಿಂಡು ಅಡ್ಡ ಬಂತು. ಅವರು ತುಳಿದರು. ಸದ್ದೇ ಬರಲಿಲ್ಲ, ಕಾರೂ ನಿಲ್ಲಲಿಲ್ಲ. ಅವರು ಹೊಲಕ್ಕೆ ತಿರುಗಿಸಿದರು. ಕಾರು ಕಲ್ಲಿನ ಒಡ್ಡಿಗೆ ಹೋಗಿ ಬಡಿಯಿತು. ಮುಂದಿನ ಅಚ್ಚು ಬಾಗಿ ಹೋಯಿತು. ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಕುರಿ ಕಾಯುವವರು ಹಗ್ಗದ ಹೊರಸು ತಂದು ಅತ್ತೆಯನ್ನು ಅದರಲ್ಲಿ ಮಲಗಿಸಿ ಹೊತ್ತುಕೊಂಡು ತಿರುಗಿ ಮನೆಗೆ ತಂದರು. ಬೇವೂರು ಹೊತ್ತೊಯ್ಯುವಷ್ಟು ಹತ್ತಿರವಿರಲಿಲ್ಲ. ಇನ್ನೊಂದು ದಾರಿ ಹುಡುಕುವುದರೊಳಗೆ ತಂಗಿ ತೀರಿಕೊಂಡ ಸುದ್ದಿ ಬಂತು.

ನಮ್ಮ ಮನೆಯವರು ಹೊಲದಲ್ಲೇ ಗಾಲಿ ಬಿಚ್ಚಿ ನೋಡಿದ್ದರು. ಪಟ್ಟಿಯ ಮೇಲೆಲ್ಲ ಹರಳೆಣ್ಣೆ; ಜಾರುವ ಪಟ್ಟಿ ಗಾಲಿಯನ್ನು ಹಿಡಿಯುವುದೆಲ್ಲಿಂದ. ಸಂಜೆ ಬಂದು ನನ್ನನ್ನು ಹಿತ್ತಲಿಗೆ ಕರೆದು ಹೇಳಿದರು: "ಅವ್ವಗ ಇದು ಗೊತ್ತಾಗಬಾರ್ದು. ತಂಗಿ ಮಾರಿ ನೋಡ್ಲಿಲ್ಲ, ಅದೂ ತನ್ನ ಕೈಯಿಂದನ ತಪ್ಪಿತು ಅಂತ ತಿಳದ್ರ ಉಳಿಯಂಗಿಲ್ಲ ಅಕಿ. ನಾನ ಬರೋಬ್ಬರಿ ಬಿಗಿದಿಲ್ಲ ಅಂತೀನಿ. ನನ್ನ ಆಣಿ ಐತಿ ನಿನಗ." ನನಗೆ ಅಳು ಬಂತು. ಅವರು ಅಳಲಿಲ್ಲ.

ಅತ್ತೆ ಮಗನನ್ನು ಬೈದಳು. ಅಷ್ಟಕ್ಕೆ ನಿಂತಿದ್ದರೆ ನಾನು ಮರೆಯುತ್ತಿದ್ದೆ. ಬಂದವರಿಗೆಲ್ಲ ಹೇಳಿದಳು, ತೊಗಲಿಗೆ ಎಣ್ಣೆ ಹಾಕಿದ, ಗಾಲಿಗೆ ಹಾಕುವುದು ಮರೆತ, ನಾನು ಹಾಕಿದ್ದಕ್ಕೆ ಜೀವ ಉಳಿಯಿತು, ಇಲ್ಲದಿದ್ದರೆ ಎಲ್ಲರೂ ಹೋಗುತ್ತಿದ್ದೆವು ಎಂದು. ಎಣ್ಣೆಯ ಮಾತು ಕೇಳಿ ಜನ ಹೌದೌದು ಎಂದರು. ಅವರಿಗೆ ಗೊತ್ತಿದ್ದದ್ದು ಚಕ್ಕಡಿಯ ಗಾಲಿ. ಬ್ರೇಕು ಕಟ್ಟಲು ಬಾರದವನು ಎಂಬ ಮಾತು ಧಣಿಗಳ ಕಿವಿಗೂ ಬಿತ್ತು. ಹೊಸ ಕಾರಿಗೆ ಬೇರೊಬ್ಬ ಡ್ರೈವರು ಬಂದ. ನಾನು ಅತ್ತೆಯ ಮುಂದೆ ತಾಟು ಕುಕ್ಕಿ ಇಡುತ್ತಿದ್ದೆ, ಯಾಕೆ ಎಂದು ಆಕೆಗೆ ಕೊನೆಗೂ ತಿಳಿಯಲಿಲ್ಲ.

ನಾವು ಗಂಗಾವತಿಗೆ ಹೋದೆವು. ಅಲ್ಲಿಯ ಅಕ್ಕಿ ಗಿರಣಿಯಲ್ಲಿ ಅವರು ಚೀಲ ಹೊಲಿದರು. ಗಿರಣಿಯ ಇಂಜಿನ್ನು ಕೆಟ್ಟು ನಿಂತಾಗ ಎಲ್ಲರೂ ಸುತ್ತ ನೆರೆಯುತ್ತಿದ್ದರು, ಇವರು ದಬ್ಬಳ ಬಿಟ್ಟು ಏಳುತ್ತಿರಲಿಲ್ಲ. ಎಲ್ಲಿ ಕೆಟ್ಟಿದೆ ಎಂದು ಸದ್ದಿನಲ್ಲೇ ಅವರಿಗೆ ಗೊತ್ತಾಗಿರುತ್ತಿತ್ತು. ಮನೆಗೆ ಬಂದು ನನಗೊಬ್ಬಳಿಗೆ ಹೇಳುತ್ತಿದ್ದರು. ಆ ಕೈ ಸುಮ್ಮನೆ ಹೋಯಿತಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಅತ್ತೆ ಸಾಯುವ ಹಿಂದಿನ ದಿನ ನನ್ನನ್ನು ಕರೆದು ಆ ಎಣ್ಣೆಬಟ್ಟಲನ್ನು ನನ್ನ ಮಡಿಲಿಗೆ ಹಾಕಿದಳು. "ನಿನ್ನ ಗಂಡ ಮರಿತಾನವಾ, ಆವತ್ತೂ ಮರತಿದ್ದ. ನೀ ಮರೀಬ್ಯಾಡ" ಎಂದಳು.

ನಿಜ ಸಂಗತಿ ನನ್ನ ಬಾಯಿಗೆ ಬಂದೇಬಿಟ್ಟಿತ್ತು. ಅವರು ಬಾಗಿಲಲ್ಲಿ ನಿಂತಿದ್ದರು. ನನ್ನನ್ನೊಮ್ಮೆ ನೋಡಿ, ಅವ್ವನ ಕಾಲ ಹತ್ತಿರ ಬಂದು ಕೂತರು.

"ಹೌದಬೇ, ಮರತಿದ್ದೆ" ಎಂದರು.