ಸಿಂಕಿನ ನೀರು ಬಲಕ್ಕೆ ಸುತ್ತಿತು

ನಿಮ್ಮ ಮುಂದೆ ಒಂದು ತಪ್ಪೊಪ್ಪಿಗೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಷ್ಟು ಕಾಲವೂ ನಾನು ಮಕ್ಕಳಿಗೆ ಒಂದು ಸುಳ್ಳು ಹೇಳಿದ್ದೇನೆ: ಭೂಮಿ ತಿರುಗುವುದರಿಂದ ನಮ್ಮ ಉತ್ತರಾರ್ಧಗೋಳದಲ್ಲಿ ಸಿಂಕಿನ ನೀರು ಯಾವಾಗಲೂ ಎಡಕ್ಕೇ, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ, ಸುತ್ತಿ ಇಳಿಯುತ್ತದೆ ಅಂತ. ಯಾರೋ ನನಗೆ ಹೇಳಿದ್ದರು, ನಾನು ದಾಟಿಸಿದೆ. ಒಮ್ಮೆಯಾದರೂ ಸಿಂಕಿಗೆ ಬಗ್ಗಿ ನೋಡಿದವಳಲ್ಲ. ತಪ್ಪು ಗೊತ್ತಾಗುವ ಹೊತ್ತಿಗೆ ನಿವೃತ್ತಳಾಗಿದ್ದೆ; ತಿದ್ದಲು ತರಗತಿಯೇ ಇರಲಿಲ್ಲ.

ಕಳೆದ ತಿಂಗಳು ಆ ಸುಳ್ಳು ಚಿಕ್ಕಲಸಂದ್ರದ ನನ್ನ ಬಾಡಿಗೆ ಮನೆಯ ಮೆಟ್ಟಿಲು ಹತ್ತಿ ಬಂತು. ಕೆಳಗಿನ ಮನೆಯಲ್ಲೇ ಇರುವ ಮಾಲೀಕರು ಮುನಿರಾಜಪ್ಪ, ಒಂದು ಕಾಲಕ್ಕೆ ಇದೇ ಜಾಗದಲ್ಲಿ ರಾಗಿ ಬೆಳೆದವರು. ಮಗಳು ಸುಮಾಗೆ ಗಂಡು ಕೂಡಿಬರುತ್ತಿಲ್ಲವೆಂದು ವಾಸ್ತು ನೋಡುವವನನ್ನು ಕರೆತಂದಿದ್ದರು. ಅವನು ನನ್ನ ಸಿಂಕಿಗೆ ನೀರು ತುಂಬಿಸಿ ಬಿರಡೆ ಎಳೆದ. ನೀರು ಬಲಕ್ಕೆ ಸುತ್ತಿತು.

“ನೋಡಿ ಅಣ್ಣ, ಭೂಮಿಗೆ ಎದುರು ತಿರುಗ್ತಿದೆ. ಈ ಅಡುಗೆಮನೆ ಒಡೀಲೇಬೇಕು.”

“ಬಲಕ್ಕೆ ಅಂದ್ರೆ ಪ್ರದಕ್ಷಿಣೆ ಅಲ್ವೇನಪ್ಪಾ?” ಎಂದರು ಮುನಿರಾಜಪ್ಪ, ಪಾಪ.

“ಇದು ಸೈನ್ಸ್ ಅಣ್ಣ. ಡೌಟಿದ್ರೆ ಮೇಡಂನೇ ಕೇಳಿ. ಎಂಟನೇ ಕ್ಲಾಸಲ್ಲಿ ಅವರೇ ಹೇಳ್ಕೊಟ್ಟಿದ್ದು.”

ಕನ್ನಡಕ ಸರಿಮಾಡಿಕೊಂಡು ನೋಡಿದೆ. ಎರಡನೇ ಬೆಂಚಿನ ಮಹೇಶ! ಗಡ್ಡ ಬಂದಿತ್ತು, ಪಾಠ ಮರೆತಿರಲಿಲ್ಲ. ಹೌದೆಂದರೆ ನನ್ನ ಟೀಚರ್‌ಗಿರಿಯ ಮಾನ ಉಳಿಯುತ್ತಿತ್ತು, ಅಡುಗೆಮನೆ ಹೋಗುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

“ನಾನು ಹೇಳಿದ್ದೇ ತಪ್ಪು ಕಣೋ.”

ಮತ್ತೆ ನೀರು ತುಂಬಿಸಿ, ಬೆರಳಲ್ಲಿ ಎಡಕ್ಕೆ ಮೆಲ್ಲಗೆ ಕಲಕಿ ಬಿರಡೆ ಎಳೆದೆ. ಎಡಕ್ಕೆ ಸುತ್ತಿತು. ಬಲಕ್ಕೆ ಕಲಕಿದೆ, ಬಲಕ್ಕೆ.

“ದಿನಕ್ಕೊಂದೇ ಸುತ್ತು ತಿರುಗೋ ಭೂಮಿ, ಅರ್ಧ ನಿಮಿಷದಲ್ಲಿ ಖಾಲಿಯಾಗೋ ಸಿಂಕನ್ನ ಏನು ತಿರುಗಿಸುತ್ತೆ? ಬಂಗಾಳ ಕೊಲ್ಲಿ ಚಂಡಮಾರುತ ನೂರಾರು ಮೈಲಿ ಅಗಲ, ದಿನಗಟ್ಟಲೆ ಇರುತ್ತೆ. ಅದನ್ನ ತಿರುಗಿಸುತ್ತೆ, ಎಡಕ್ಕೆ. ಹೋಗಿ ಅದಕ್ಕೆ ವಾಸ್ತು ಹೇಳು. ಇಲ್ಲಿ ಒಂದು ಇಟ್ಟಿಗೆ ಮುಟ್ಟಬೇಡ!”

ಮಹೇಶ ತಲೆ ತಗ್ಗಿಸಿದ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಸುಮಾ ಬಾಯಿಬಿಟ್ಟಳು. “ಮೇಡಮ್ಮೇ ತಪ್ಪು ಒಪ್ಕೊಂಡ್ರು, ನಾನೂ ಹೇಳ್ಬಿಡ್ತೀನಿ. ನೋಡೋಕೆ ಬಂದವರಿಗೆಲ್ಲ ಫೋನ್ ಮಾಡಿ ಬೇಡ ಅಂದಿದ್ದು ನಾನೇ.”

ಮುನಿರಾಜಪ್ಪ ಸ್ಟೂಲಿನ ಮೇಲೆ ಕುಸಿದರು. “ಮೊದಲೇ ಹೇಳ್ಬಾರ್ದಿತ್ತಾ?”

“ನೀನು ನನ್ನ ಕೇಳಿದ್ಯಾ ಅಪ್ಪಾ? ಸಿಂಕನ್ನ ಕೇಳ್ದೆ.”

ಅಡುಗೆಮನೆ ಹಾಗೇ ಇದೆ. ಈಗ ಯಾರಾದರೂ ಹೊಸ ಸಂಬಂಧ ತಂದರೆ ಮುನಿರಾಜಪ್ಪ ಮೊದಲು ಮಗಳ ಮುಖ ನೋಡುತ್ತಾರೆ, ಪಂಚಾಂಗ ಆಮೇಲೆ.