ಮುಖ್ಯಸ್ಥರ ಹಿತ್ತಲಿನ ಕಾಫಿ ಗಿಡ

ತಂಗಿಯ ಗಂಡ ಹಡಗಿನ ಎಂಜಿನಿಯರ್ ಕೆಲಸದಿಂದ ನಿವೃತ್ತನಾದ ಮೇಲೆ ಇಬ್ಬರೂ ಒಂದು ಹಾಯಿದೋಣಿ ಕೊಂಡು ಶಾಂತ ಮಹಾಸಾಗರದಲ್ಲಿ ತಿರುಗುತ್ತಿದ್ದರು. "ಒಂದ್ಸಲನಾದ್ರೂ ಬಾರೇ ಅಕ್ಕ" ಅಂತ ತಂಗಿ ಎರಡು ವರ್ಷದಿಂದ ಕರೆಯುತ್ತಿದ್ದಳು. ಕೊನೆಗೆ ಆಲ್ದೂರಿನ ಹತ್ತಿರದ ನಮ್ಮ ಸಣ್ಣ ಕಾಫಿ ತೋಟವನ್ನು ಮೇಸ್ತ್ರಿಗೆ ಒಪ್ಪಿಸಿ ಮೂರು ವಾರಕ್ಕೆಂದು ಹೊರಟೆ.

ವನುವಾಟು ದೇಶದ ಒಂದು ಪುಟ್ಟ ದ್ವೀಪದ ಮುಂದೆ ಲಂಗರು ಹಾಕುವಷ್ಟರಲ್ಲಿ ವಾಂತಿ ಮಾಡಿ ಮಾಡಿ ನನ್ನ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಅಲ್ಲಿ ಇರುವುದು ತಲೆತಲಾಂತರದಿಂದ ಅದೇ ನೆಲದಲ್ಲಿ ಬಾಳಿದ ಮೂಲನಿವಾಸಿಗಳು. ದಡಕ್ಕೆ ಕಾಲಿಟ್ಟವರು ಮೊದಲು ಊರಿನ ಮುಖ್ಯಸ್ಥರನ್ನು ಕಂಡು ಅಪ್ಪಣೆ ಕೇಳಬೇಕು. ನಾವೂ ಕೇಳಿದೆವು. ಆಲದ ಮರದ ಕೆಳಗೆ ಕೂತಿದ್ದ ಆ ಹಿರಿಯರು, "ಇದ್ದು ಹೋಗಿ" ಅಂದರು. ನ್ಯೂಜಿಲೆಂಡಿನ ಸೇಬಿನ ತೋಟಗಳಲ್ಲಿ ದುಡಿದು ಬಂದವರಾದ್ದರಿಂದ ಅವರಿಗೆ ಇಂಗ್ಲಿಷ್ ಬರುತ್ತಿತ್ತು.

ಮರುದಿನ ಬೆಳಿಗ್ಗೆ ಮೂವರೂ ಊರೊಳಗೆ ನಡೆಯುವಾಗ ಒಂದು ಮನೆಯ ಹಿಂದೆ ಬಾಳೆಯ ನಡುವೆ ಕಾಫಿ ಗಿಡ ಕಂಡಿತು. ಅಷ್ಟು ದೂರ ಬಂದು ಕಾಫಿ ಗಿಡ! ಆದರೆ ಬುಡದಿಂದ ತುದಿವರೆಗೆ ಬೇಡದ ಚಿಗುರು ಒತ್ತಾಗಿ ಬೆಳೆದು ಗಿಡಕ್ಕೆ ಉಸಿರಾಡಲು ಜಾಗವಿರಲಿಲ್ಲ. ಮೂವತ್ತು ವರ್ಷದ ಅಭ್ಯಾಸ. ಮಾತಾಡುತ್ತಲೇ ಎಂಟು ಹತ್ತು ಚಿಗುರು ಚಿವುಟಿ ಕೆಳಗೆ ಹಾಕಿಬಿಟ್ಟಿದ್ದೆ.

ಮನೆಯೊಳಗಿಂದ ಒಬ್ಬ ಹೆಂಗಸು ಕೂಗುತ್ತಾ ಓಡಿ ಬಂದಳು. ನನ್ನ ಮುಖವನ್ನೂ ನೋಡದೆ ಚಿಗುರುಗಳನ್ನು ಒಂದೊಂದಾಗಿ ಆಯ್ದುಕೊಂಡು ಹೊರಟುಹೋದಳು. ತಂಗಿಯ ಗಂಡ ಅವಳ ಹಿಂದೆ ಹೋಗಿ, ಇಂಗ್ಲಿಷ್ ಬರುವ ಪಕ್ಕದ ಮನೆಯವರನ್ನು ವಿಚಾರಿಸಿಕೊಂಡು ಬಂದ. ಅವಳು ಮುಖ್ಯಸ್ಥರ ಮಗಳು. ಗಿಡ ನೆಟ್ಟದ್ದು ಅವಳ ತಾಯಿ. ತಾಯಿ ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿಲ್ಲ. ಮಧ್ಯಾಹ್ನ ನಾವು ಆಲದ ಮರದ ಹತ್ತಿರ ಬರಬೇಕಂತೆ.

"ನಿನ್ನ ಕೈ ಒಂದು ಗಳಿಗೆ ಸುಮ್ನೆ ಇರಲ್ವಲ್ಲ ಮಾರಾಯ್ತಿ" ಅಂದಳು ತಂಗಿ. "ಅವರು ಲಂಗರು ಎತ್ತಿ ಅಂದ್ರೆ ಎತ್ತೋದೇ" ಅಂದ ಅವಳ ಗಂಡ.

ನನಗೆ ಅಷ್ಟು ಸುಲಭವಿರಲಿಲ್ಲ. ನಮ್ಮ ತೋಟದ ಹೋಂಸ್ಟೇಗೆ ಬಂದ ಒಬ್ಬ ಹುಡುಗಿ ಫೋಟೋಗೆಂದು ಕಾಫಿ ಗಿಡದ ಹೂಬಿಟ್ಟ ರೆಕ್ಕೆಯನ್ನು, ಅಂದರೆ ಅಡ್ಡಕೊಂಬೆಯನ್ನು, ಮುರಿದಾಗ, ಅವಳು ಅಳುವವರೆಗೂ ಬೈದವಳು ನಾನು.

ಮಧ್ಯಾಹ್ನ ಹೋದಾಗ ಚಿಗುರುಗಳು ಮುಖ್ಯಸ್ಥರ ಪಕ್ಕ ಚಾಪೆಯ ಮೇಲಿದ್ದವು, ಆಗಲೇ ಬಾಡಿದ್ದವು. ನಾನು ಕೂರಲಿಲ್ಲ.

"ತಪ್ಪಾಯ್ತು. ನಮ್ಮ ಮನೇಲೂ ಕಾಫಿ ತೋಟ ಇದೆ. ಕೇಳದೆ ಕೈ ಹಾಕಿದೆ" ಅಂದೆ.

ಅವರು ಒಂದು ಚಿಗುರನ್ನು ಎತ್ತಿ ನೋಡಿದರು. "ಇದನ್ನ ಯಾಕೆ ಕಿತ್ತಿರಿ?"

ಇವು ಹಣ್ಣು ಬಿಡುವುದಿಲ್ಲ, ಗಿಡದ ಶಕ್ತಿಯನ್ನೆಲ್ಲ ತಿನ್ನುತ್ತವೆ ಅಂತ ವಿವರಿಸಿದೆ.

"ಸೇಬಿಗೂ ಹಾಗೇ ಮಾಡ್ತಿದ್ವಿ," ಅಂದರು. ಚಿಗುರನ್ನು ಮತ್ತೆ ಚಾಪೆಯ ಮೇಲಿಟ್ಟರು. "ನಿಮ್ಮ ಕೈಯಲ್ಲಿ ಕೆಟ್ಟದ್ದಿರಲಿಲ್ಲ ಅಂತ ಮಗಳಿಗೆ ಹೇಳ್ತೀನಿ. ಆ ಗಿಡ ಮಾತ್ರ ಹಾಗೇ ಇರಲಿ. ಅವಳ ಅಮ್ಮ ಬಿಟ್ಟ ಹಾಗೇ."

"ಖಂಡಿತ ಮುಟ್ಟಲ್ಲ."

"ಗುಡ್ಡದ ಮೇಲೆ ಇನ್ನೂ ಏಳು ಗಿಡ ಇವೆ. ಅವನ್ನ ಮುಟ್ಟಬಹುದು. ನಂಗೂ ತೋರಿಸಿ."

ನಗುವೋ ಅಳುವೋ ತಿಳಿಯದ ಸದ್ದೊಂದು ನನ್ನ ಬಾಯಿಂದ ಹೊರಟಿತು; ತಂಗಿ ನನ್ನ ಸೊಂಟ ಚಿವುಟಿದಳು.

ಗುಡ್ಡ ಹತ್ತುವಾಗ ಮಗಳೂ ಬಂದಳು. ಮೊದಲ ಎರಡು ಗಿಡಗಳಲ್ಲಿ ನಾನು ಚಿಗುರು ಕೀಳುವುದನ್ನು ದೂರದಲ್ಲೇ ನಿಂತು ನೋಡಿದಳು. ಮೂರನೆಯದಕ್ಕೆ ತಾನೇ ಕೈ ಹಾಕಿ, ಒಂದು ಚಿಗುರು ಹಿಡಿದು, ಇದಾ ಅನ್ನುವಂತೆ ಹುಬ್ಬು ಹಾರಿಸಿದಳು. ಅದು ಹಣ್ಣು ಬಿಡುವ ರೆಕ್ಕೆ. ಬೇಡ ಅಂತ ತಲೆ ಅಲ್ಲಾಡಿಸಿದೆ. ಅವಳು ನಕ್ಕು ಪಕ್ಕದ್ದನ್ನು ಹಿಡಿದಳು. ಸರಿಯಾಗಿತ್ತು. ಸಂಜೆ ಅವರ ಮನೆಯಲ್ಲಿ ಬಾಳೆಯೆಲೆಯಲ್ಲಿ ಬೇಯಿಸಿದ ಗೆಣಸನ್ನು ಹೊಟ್ಟೆ ತುಂಬ ತಿಂದೆ. ದೋಣಿ ಹತ್ತಿದ ದಿನದಿಂದ ನಾನು ಹಾಗೆ ಹಸಿದು ಉಂಡದ್ದು ಅದೇ ಮೊದಲು.