ಎಂಜಲಿನ ಪೆಟ್ಟಿಗೆ ಹೊತ್ತು ಸಾಗರದಿಂದ ತೀರ್ಥಹಳ್ಳಿಗೆ

ಸಾಗರದಲ್ಲಿ ರೈಲು ಇಳಿದಾಗ ಡಿಸೆಂಬರ್ ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಥರ್ಮೋಕೋಲಿನ ಐಸ್ ಪೆಟ್ಟಿಗೆ. ಆಟೋದವರು ಪೆಟ್ಟಿಗೆ ನೋಡಿ, “ಒಳಗೆ ಮೀನಾ, ಮೇಡಂ?” ಎಂದರು. “ಅಲ್ಲ, ಜೊಲ್ಲು” ಎಂದೆ. ಆಮೇಲೆ ದಾರಿಯುದ್ದಕ್ಕೂ ಅವರು ಕನ್ನಡಿಯಲ್ಲಿ ಪೆಟ್ಟಿಗೆಯನ್ನೇ ನೋಡುತ್ತಿದ್ದರು.

ಹೇಳಿದ್ದು ನಿಜವೇ. ಪಿಎಚ್‌ಡಿ ಮುಗಿಸಿದ ಮೇಲೂ ಬುದ್ಧಿ ಬಾರದೆ ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮುಂದುವರಿಸಿದ್ದೇನೆ. ತಿಂದ ಅನ್ನ ಮೈಯಲ್ಲಿ ಶಕ್ತಿಯಾಗುವ ಬಗೆಗೂ ಮನಸ್ಸಿನ ಒತ್ತಡಕ್ಕೂ ನಮ್ಮ ನಡವಳಿಕೆಗೂ ಏನು ನಂಟು ಎಂಬುದು ನನ್ನ ವಿಷಯ. ನಸುಕಿನಲ್ಲೆದ್ದು ಹೊಟ್ಟೆಗಿಲ್ಲದೆ ಓಡುವ ಬಸ್ ಚಾಲಕರನ್ನು ಅದಕ್ಕೆಂದು ಆರಿಸಿಕೊಂಡಿದ್ದೆ. ಎದ್ದ ಕೂಡಲೇ ಒಂದು ಟ್ಯೂಬಿಗೆ ಉಗುಳಬೇಕು. ಅರ್ಧ ಗಂಟೆ ಕಾಫಿ, ಎಲೆಯಡಿಕೆ ಏನೂ ಇಲ್ಲದೆ ಕೂತು ಇನ್ನೊಂದಕ್ಕೆ ಉಗುಳಬೇಕು. ಹೀಗೆ ಮೂರು ದಿನ. ಒತ್ತಡದ ಹಾರ್ಮೋನು ಆ ಅರ್ಧ ಗಂಟೆಯಲ್ಲಿ ಎಷ್ಟು ಏರುತ್ತದೆ ಎಂದು ಅದರಿಂದ ತಿಳಿಯುತ್ತದೆ. ಹಿಂದಿನ ವಾರ ಬಂದು ಟ್ಯೂಬು ಕೊಟ್ಟು, ಫ್ರಿಜ್ಜಿನಲ್ಲಿಡಿ ಎಂದು ಹೇಳಿ ಹೋಗಿದ್ದೆ. ಮಲೆನಾಡಿನ ಚಾಲಕರಲ್ಲಿ ಉಳಿದಿದ್ದವರು ಮೂವರೇ. ಅವರಲ್ಲಿ ಇಬ್ಬರದ್ದಾದರೂ ಸರಿಯಾಗಿ ಸಿಗದಿದ್ದರೆ ಮಲೆನಾಡಿನ ಭಾಗವನ್ನೇ ಕೈಬಿಡೋಣ ಎಂದಿದ್ದರು ನಮ್ಮ ಪ್ರಯೋಗಾಲಯದ ಮೇಡಂ. ಅಂದರೆ ನನ್ನ ಒಂದು ವರ್ಷ ನೀರಲ್ಲಿ ಹೋಮ.

ಸಾಗರದ ಚಾಲಕ ಮಂಜಪ್ಪನವರು ಡ್ಯೂಟಿಗೆ ಹೋಗಿದ್ದರು. ಅವರ ಹೆಂಡತಿ ನಗುನಗುತ್ತಾ ಬಚ್ಚಲಿಗೆ ಕರೆದೊಯ್ದರು. ಉರಿಯುವ ಒಲೆಯ ಪಕ್ಕ, ಬಿಸಿನೀರಿನ ಹಂಡೆಗೆ ಒರಗಿಕೊಂಡು ಆರೂ ಟ್ಯೂಬು ಬೆಚ್ಚಗೆ ಕೂತಿದ್ದವು.

“ಫ್ರಿಜ್ಜಲ್ಲಿ ಇಡಿ ಅಂದಿದ್ನಲ್ಲಾ!” ಎಂದೆ.

“ಎಂಜಲನ್ನ ಹಾಲಿನ ಪಕ್ಕ ಇಡಕ್ಕಾಗ್ತದಾ ಮೇಡಂ? ದೇವ್ರ ನೈವೇದ್ಯಕ್ಕೂ ಅದೇ ಹಾಲು. ಇಲ್ಲಾದ್ರೆ ಯಾರೂ ಮುಟ್ಟಲ್ಲ ಅಂತ ಜೋಪಾನವಾಗಿ ಇಟ್ಟಿದೀನಿ.”

ನನ್ನ ಹಣೆಬರಹ! ಬಿಸಿ ತಾಗಿದ ಆ ಆರೂ ಇನ್ನು ಲೆಕ್ಕಕ್ಕಿಲ್ಲ. ಲೋಟ ಕಚ್ಚಿ ನೀರು ಕುಡಿದರೆ ತಲೆಗೆ ಮೊಟಕುತ್ತಿದ್ದ ಅಮ್ಮನ ಮಗಳು ನಾನು. ಇಷ್ಟೊಂದು ಓದಿ ಎಂಜಲೆಂಬುದನ್ನೇ ಮರೆತಿದ್ದೆನಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಮುಖವೇ ಇರಲಿಲ್ಲ. ಅವರು ಕೊಟ್ಟ ಬಿಸಿ ನೀರುದೋಸೆ, ಕಾಯಿಬೆಲ್ಲ ತಿಂದು ಬಸ್ ನಿಲ್ದಾಣಕ್ಕೆ ನಡೆದೆ.

ಹೊಸನಗರಕ್ಕೆ ಮೂವತ್ತು ಕಿಲೋಮೀಟರಿನ ಮೇಲೆ ಸ್ವಲ್ಪ. ಖಾಸಗಿ ಬಸ್ಸಾದ್ದರಿಂದ ಹೆಂಗಸಿಗೂ ಟಿಕೆಟ್ಟು, ಪೆಟ್ಟಿಗೆಗೂ ಟಿಕೆಟ್ಟು. ಅಲ್ಲಿನ ಚಾಲಕ ಶೇಖರ ನಿಲ್ದಾಣದಲ್ಲೇ ಕಾಯುತ್ತಿದ್ದ. “ಮನೇಲಿ ಬೈದ್ರು. ಅದ್ಕೆ ಮೀನಿನಂಗಡಿ ಐಸಲ್ಲಿ ಇಟ್ಟಿದ್ದೆ. ಬಂಗಡೆ ಜಾತಿ ಕೇಳಲ್ಲ ನೋಡಿ” ಎಂದು ಗಹಗಹಿಸಿದ. ಟ್ಯೂಬುಗಳು ಗಬ್ಬು ನಾರುತ್ತಿದ್ದವು, ಆದರೆ ಮುಚ್ಚಳ ಭದ್ರವಾಗಿತ್ತು, ಮುಟ್ಟಿದರೆ ಕೊರೆಯುವಷ್ಟು ತಣ್ಣಗಿದ್ದವು. ಖುಷಿಗೆ ಅವನಿಗೆ ಇಡ್ಲಿ-ವಡೆ ಕೊಡಿಸಿ ನಾನೂ ಎರಡನೇ ಸಲ ತಿಂಡಿ ತಿಂದೆ. ಇನ್ನೊಬ್ಬರದ್ದು ಸಿಕ್ಕರೆ ಗೆದ್ದೆ.

ಮಧ್ಯಾಹ್ನದ ಬಿಸಿಲು ಹದವಾಗಿತ್ತು. ತೀರ್ಥಹಳ್ಳಿ ತಲುಪುವವರೆಗೂ ತಿರುವಿಗೊಮ್ಮೆ ಪೆಟ್ಟಿಗೆ ಅಪ್ಪಿ ಹಿಡಿದೆ. ಮೂರನೆಯ ಚಾಲಕ ಪ್ರಕಾಶನ ಮನೆ ಪೇಟೆಯ ಹಿಂದಿನ ಓಣಿಯಲ್ಲಿ. ಅವನು ಟ್ರಿಪ್ಪಿನಲ್ಲಿದ್ದ, ತಾಯಿ ಲಕ್ಷ್ಮಮ್ಮ ಬಾಗಿಲು ತೆಗೆದರು. ಹಾಲು, ಮೊಸರು, ದೋಸೆಹಿಟ್ಟು ಎಲ್ಲವೂ ಅಡುಗೆಮನೆಯ ಕಟ್ಟೆಯ ಮೇಲಿದ್ದವು. ಫ್ರಿಜ್ಜು ತೆಗೆದರೆ ಖಾಲಿ, ನಡುವಿನ ತಟ್ಟೆಯಲ್ಲಿ ಆರೇ ಆರು ಟ್ಯೂಬು.

“ಎಂಜಲಿನ ಜೊತೆ ಎಂತ ಇಡದು? ಫ್ರಿಜ್ಜನ್ನೇ ಬಿಟ್ಟುಕೊಟ್ಟೆ” ಎಂದರು. ನನಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು.

ಟ್ಯೂಬುಗಳನ್ನು ಕೈಗೆತ್ತಿಕೊಂಡವರು ಕೊಡದೆ ಕೇಳಿದರು: “ರಿಪೋರ್ಟ್ ಯಾವಾಗ ಬರ್ತದೆ ತಂಗಿ? ಔಷಧಿ ನೀವೇ ಕೊಡ್ತೀರಾ? ಎರಡು ತಿಂಗ್ಳ ಹಿಂದೆ ಬೈಕಿನವನೊಬ್ಬ ಇವನ ಬಸ್ಸಿಗೆ ಅಡ್ಡ ಬಿದ್ದ. ಅವ್ನು ಎದ್ದು ಓಡಾಡ್ತಿದಾನೆ. ಇವ್ನು ಮಾತ್ರ ಮಾತೇ ಬಿಟ್ಟಿದ್ದ. ಎದ್ದ, ಕಾಫಿ ಕುಡ್ದ, ಎಲೆಯಡಿಕೆ ಕವಳ ಹಾಕ್ದ, ಹೊರಟ. ಅಷ್ಟೇ.”

ವರದಿ ಕೊಡುವುದಿಲ್ಲ ಎಂಬ ಕಾಗದಕ್ಕೆ ಪ್ರಕಾಶ ಸಹಿ ಹಾಕಿದ್ದ. ತಾಯಿಗೆ ಯಾರೂ ಹೇಳಿರಲಿಲ್ಲ. ಹೂಂ ಎಂದುಬಿಟ್ಟರೆ ಟ್ಯೂಬು ನನ್ನದು.

“ಇಲ್ಲಮ್ಮಾ. ನಾನು ಹೆಸರಿಗಷ್ಟೇ ಡಾಕ್ಟ್ರು. ಇದು ಎಲ್ಲರದ್ದೂ ಸೇರಿಸಿ ಮಾಡೋ ಸಂಶೋಧನೆ. ನಿಮ್ಮ ಮಗನಿಗೆ ಹೀಗಾಗಿದೆ ಅಂತ ಇದ್ರಲ್ಲಿ ಹೇಳಕ್ಕಾಗಲ್ಲ. ಅವರನ್ನ ತಾಲೂಕು ಆಸ್ಪತ್ರೆಗೆ ಕರ್ಕೊಂಡು ಹೋಗಿ ತೋರಿಸಿ. ನಿಮಗೆ ಮೊದಲೇ ಹೇಳಬೇಕಿತ್ತು, ತಪ್ಪಾಯ್ತು. ಬೇಡ ಅಂದ್ರೆ ಇವನ್ನ ಇಲ್ಲೇ ಬಿಟ್ಟು ಹೋಗ್ತೀನಿ.”

ಲಕ್ಷ್ಮಮ್ಮ ಟ್ಯೂಬುಗಳನ್ನು ಒಂದೊಂದಾಗಿ ತಾವೇ ಐಸಿನಲ್ಲಿಟ್ಟರು.

“ತಗೊಂಡು ಹೋಗಿ. ಆಸ್ಪತ್ರೆಗೂ ಹೋಗ್ತೀವಿ, ಇವತ್ತು ಬೆಳಿಗ್ಗೆ ಅವ್ನೇ ಬರ್ತೀನಿ ಅಂದ.”

“ಅವರೇ ಅಂದ್ರಾ?”

“ಹೌದು ಮಾರಾಯ್ತಿ. ಅರ್ಧ ಗಂಟೆ ಕಾಫಿ ಇಲ್ಲ, ಕವಳ ಇಲ್ಲ, ಬಾಯಿಗೆ ಕೆಲ್ಸ ಇಲ್ಲ. ಮೊದಲ್ನೇ ದಿನ ಸುಮ್ನೆ ಕೂತಿದ್ದ. ಎರಡನೇ ದಿನ ಅತ್ತ. ಇವತ್ತು ಎಲ್ಲಾ ಹೇಳ್ದ.”

ನನಗೆ ಕಣ್ಣು ತುಂಬಿತು, ಸಂತೋಷಕ್ಕೇ. ಪೆಟ್ಟಿಗೆಗೆ ಟೇಪು ಸುತ್ತಿ, ಮೈಸೂರಿನ ದಾರಿ ಹಿಡಿಯಲು ಎದ್ದೆ. ಮೆಟ್ಟಿಲಿಳಿಯುವಾಗ ಲಕ್ಷ್ಮಮ್ಮ ಹಿಂದೆಯೇ ಬಂದರು.

“ತಂಗೀ, ಖಾಲಿ ಟ್ಯೂಬು ಇನ್ನೊಂದಾರು ಇದ್ರೆ ಕೊಟ್ಟು ಹೋಗಿ. ಅವ್ನು ಇನ್ನೂ ಮೂರು ದಿನ ಹಂಗೇ ಕೂರ್ಲಿ. ತಗೊಂಡು ಹೋಗಕ್ಕೆ ನೀವು ಬರದು ಬೇಡ.”